ಬಗಲಿಂದ ಇಳಿದ ಕೂಸು

ನಮ್ಮ ಮುಕ್ಕುಂದದ ಕಡೆ ನಡೆಯಲಾಗದ ಕೂಸನ್ನು ಅವ್ವ ಬಗಲಲ್ಲಿ ಎತ್ತಿಕೊಂಡೇ ತಿರುಗುತ್ತಾಳೆ. ಹೊಲಕ್ಕೆ, ಸಂತೆಗೆ, ಹೊಳೆದಂಡೆಗೆ.. ಕೂಸಿಗೆ ಊರೆಲ್ಲ ಕಾಣುತ್ತದೆ. ಎಲ್ಲಿಗೆ ಹೋಗಬೇಕೆಂಬುದು ಮಾತ್ರ ಅದರ ಕೈಯಲ್ಲಿಲ್ಲ. ಕಂಡರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು ಎಂದು ತೋರಿಸಿಕೊಟ್ಟಿದ್ದು ಬೆಕ್ಕಿನ ಮರಿಗಳು!

1963ರಲ್ಲಿ ಅಮೆರಿಕದ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಗಾಣದಂಥ ತಿರುಗಣಿಗೆ ಮರಿಗಳನ್ನು ಜೋಡಿ ಜೋಡಿಯಾಗಿ ಕಟ್ಟಿದರು. ಒಂದು ತಾನೇ ನಡೆದು ಸುತ್ತಬೇಕು, ಇನ್ನೊಂದು ಬುಟ್ಟಿಯಲ್ಲಿ ಕೂತು ಸುತ್ತಬೇಕು. ಎರಡೂ ಕಂಡದ್ದು ಒಂದೇ. ಆದರೆ ಬುಟ್ಟಿಯ ಮರಿಗೆ ಆಳದ ಅಂದಾಜೇ ಬರಲಿಲ್ಲ.

ಮೋಟಾರು ಗಾಲಿಕುರ್ಚಿ ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಕೈಕಾಲು ಸ್ವಾಧೀನ ತಪ್ಪಿದ ಸೈನಿಕರಿಗೆಂದು ಕೆನಡಾದ ಜಾರ್ಜ್ ಕ್ಲೈನ್ ಅದನ್ನು ರೂಪಿಸಿದರು. ಚಿಕ್ಕವರಿಗೆ ಕೊಟ್ಟರೆ ಡಿಕ್ಕಿ ಹೊಡೆದುಕೊಳ್ಳುತ್ತಾರೆ, ಸೋಮಾರಿಗಳಾಗುತ್ತಾರೆ ಎಂಬ ಭಯ ಬಹಳ ಕಾಲ ಇತ್ತು. 1983ರಲ್ಲಿ ಶಾರ್ಲೀನ್ ಬಟ್ಲರ್ ಮತ್ತು ಸಂಗಡಿಗರು ನಾಲ್ಕು ವರ್ಷ ತುಂಬದ ಮಕ್ಕಳನ್ನೇ ಕೂರಿಸಿ ನೋಡಿದರು. ಹೆಚ್ಚಿನವರು ಕೆಲವೇ ವಾರಗಳಲ್ಲಿ ಕಲಿತುಬಿಟ್ಟರು.

ಕಲಿಯುವ ರೀತಿಯೇ ಸೊಗಸು. ಮೊದಲು ಕೈ ತಾಗಿ ಜಾಯ್‌ಸ್ಟಿಕ್ ಅಲುಗುತ್ತದೆ, ಕುರ್ಚಿ ಜಗ್ಗುತ್ತದೆ, ಕೂಸು ಬೆಚ್ಚುತ್ತದೆ. ಮತ್ತೆ ಮುಟ್ಟುತ್ತದೆ. ನಾನು ಮುಟ್ಟಿದ್ದಕ್ಕೇ ಇದು ಓಡಿತು ಎಂದು ಹೊಳೆಯುವುದೇ ಮೊದಲ ಪಾಠ. ಆಮೇಲೆ ನಿಂತಲ್ಲೇ ಗಿರಗಿರ ತಿರುಗುವ ಆಟ, ಗೋಡೆಗೆ ಗುದ್ದುವ ಆಟ. ನೇರವಾಗಿ ಅವ್ವನ ಹತ್ತಿರ ಹೋಗುವುದು ಕೊನೆಗೆ. ಸ್ವೀಡನ್ನಿನ ಲಿಸ್ಬೆತ್ ನಿಲ್ಸನ್ ಬುದ್ಧಿಬೆಳವಣಿಗೆ ತೀರಾ ಕುಂಠಿತವಾದ ಮಕ್ಕಳಲ್ಲೂ ಈ ಮೆಟ್ಟಿಲುಗಳನ್ನು ವರ್ಷಗಟ್ಟಲೆ ಗಮನಿಸಿದರು. ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು ಎಂದು ಗದರಿಸುವುದು ಅವರ ಪದ್ಧತಿಯಲ್ಲ. 2009ರಲ್ಲಿ ಡೆಲವೇರ್ ವಿಶ್ವವಿದ್ಯಾಲಯದ ಕೋಲ್ ಗ್ಯಾಲೊವೆ ಮತ್ತು ಭಾರತ ಮೂಲದ ಸುನಿಲ್ ಅಗ್ರವಾಲ್ ಅವರ ತಂಡ, ಹುಟ್ಟಿನಿಂದ ಬೆನ್ನುಹುರಿ ದೋಷವಿದ್ದ ಏಳು ತಿಂಗಳ ಕೂಸಿಗೂ ಇದನ್ನು ಕಲಿಸಿದ ವರದಿ ಪ್ರಕಟಿಸಿತು.

ಏಳು ತಿಂಗಳು ಎಂದೆನಲ್ಲ, ಈಗ ನಮ್ಮ ಲೆಕ್ಕ ನೋಡಿ. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯನ್ನು 2014ರಲ್ಲಿ ಪರಿಷ್ಕರಿಸಿದಾಗ ಮೋಟಾರು ತ್ರಿಚಕ್ರ, ಗಾಲಿಕುರ್ಚಿಗೆ 16 ವರ್ಷ ತುಂಬಿರಬೇಕೆಂದು ಬರೆದರು. ಅಷ್ಟರಲ್ಲಿ ಬಾಲ್ಯವೇ ಮುಗಿದಿರುತ್ತದೆ.

ಮಳೆಗಾಲದ ಎರೆಮಣ್ಣಿನಲ್ಲಿ ಕುರ್ಚಿ ಹೂತುಹೋಗುತ್ತದೆ ಎನ್ನುವಿರಿ, ನಿಜ. ಆದರೆ ಕಲಿಯಲು ಶಾಲೆಯ ಪಡಸಾಲೆ ಸಾಕು. ಗ್ಯಾಲೊವೆ 2012ರ ಸುಮಾರಿಗೆ ಆಟಿಕೆಯ ಬ್ಯಾಟರಿ ಕಾರುಗಳನ್ನೇ ಬದಲಿಸತೊಡಗಿದರು: ಕಾಲಿನ ಪೆಡಲ್ ಬದಲು ಅಂಗೈಯಗಲದ ಗುಂಡಿ, ಬೆನ್ನಿಗೆ ಪೈಪಿನ ಆಸರೆ. ನಮ್ಮಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಹುಡುಗರಿಗೆ ಇದು ಅರ್ಧ ದಿನದ ಕೆಲಸ.