ಕಿಸೆಚಾಕುವಿನ ಗಂಡು–ಹೆಣ್ಣು: ಆದೋನಿ ಸೀಮೆಯಿಂದ ಒಂದು ಟಿಪ್ಪಣಿ

ಮಡಚುವ ಚಾಕುವನ್ನು ಗಂಡಸಿನ ಸರಕೆಂದೂ ಅದರ ಪುಟ್ಟ, ಬಣ್ಣದ ರೂಪವನ್ನು ಹೆಂಗಸಿನದೆಂದೂ ಮಾರುವ ರೂಢಿ ಹಳೆಯದು. ಈ ವಿಂಗಡಣೆಗೆ ದುಡಿಮೆಯಲ್ಲಿ ಆಧಾರವಿದೆಯೇ? ಆದೋನಿ, ಆಲೂರು, ಹೊಳಗುಂದ ಸುತ್ತಿನ ಪಶ್ಚಿಮ ಕರ್ನೂಲನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಿದೆ. ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರುವವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಇಲ್ಲಿನ ಅನೇಕ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು.

ಹತ್ತಿ, ಶೇಂಗಾ, ಜೋಳ, ಉಳ್ಳಾಗಡ್ಡಿ ಬೆಳೆಯುವ ಈ ಒಣ ಸೀಮೆಯಲ್ಲಿ ಅಲಗು ಹೆಚ್ಚು ಹೊತ್ತು ಹೆಂಗಸರ ಕೈಯಲ್ಲೇ ಇರುತ್ತದೆ. ಹತ್ತಿಯನ್ನು ಬರಿಗೈಲೇ ಬಿಡಿಸಬೇಕು. ಆದರೆ ಕಳೆ ತೆಗೆಯಲು, ತೆನೆ ಕೊಯ್ಯಲು, ಉಳ್ಳಾಗಡ್ಡಿಯ ಸೊಪ್ಪು ಕತ್ತರಿಸಲು ಕುರ್ಪಿ, ಕುಡಗೋಲುಗಳು ಬೇಕು. ಅಡುಗೆಮನೆಯ ಈಳಿಗೆ ಮಣೆಯ ಅಲಗು ಕಿಸೆಚಾಕುವಿನ ಅಲಗಿಗಿಂತ ಎಷ್ಟೋ ದೊಡ್ಡದು. ಹೆಣ್ಣಿನ ಕೈಗೆ ಹರಿತ ಒಗ್ಗದು ಎಂಬ ಊಹೆ ಇಲ್ಲಿಗೇ ಬಿದ್ದುಹೋಗುತ್ತದೆ.

ಗಂಡಸು ಅಲಗನ್ನು ಮೈಮೇಲೆ ಇಟ್ಟುಕೊಳ್ಳುತ್ತಾನೆ, ಹೆಂಗಸಿನ ಅಲಗು ಮನೆ-ಹೊಲದಲ್ಲಿ ಉಳಿಯುತ್ತದೆ ಎಂಬ ಇನ್ನೊಂದು ವಾದವುಂಟು. ಕೊಡವ ಗಂಡಸರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಇದಕ್ಕೆ ಇಂಬು ಕೊಡುತ್ತದೆ. ಆದರೆ ಎಲೆಯಡಿಕೆ ಸಂಚಿ ಈ ವಾದಕ್ಕೆ ಅಡ್ಡ ಬರುತ್ತದೆ. ಹಳ್ಳಿಯ ಅಜ್ಜಿಯರು ಸೊಂಟಕ್ಕೆ ಸಿಕ್ಕಿಸಿಕೊಂಡ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಜೊತೆಗೆ ಅಡಕೊತ್ತೂ ಇರುತ್ತಿತ್ತು. ಕೀಲಿನ ಮೇಲೆ ಮಡಚುವ, ಸದಾ ಜೊತೆಗಿರುವ ಹರಿತದ ಉಪಕರಣವದು. ಆದರೂ ಅದನ್ನು ಯಾರೂ ಕಿಸೆಚಾಕುವಿನ ಸಾಲಿಗೆ ಸೇರಿಸಲಿಲ್ಲ, ಏಕೆಂದರೆ ಅದಕ್ಕೆ ಶೌರ್ಯದ ಕಥೆ ಅಂಟಿರಲಿಲ್ಲ.

ಕಥೆ ಎಲ್ಲಿ ಅಂಟುತ್ತದೆಂಬುದನ್ನು ಇಲ್ಲಿನ ದಸರೆಯಲ್ಲೇ ಕಾಣಬಹುದು. ಆಯುಧಪೂಜೆಯ ದಿನ ಕುಡಗೋಲಿಗೂ ಕುಂಕುಮ ಬೀಳುತ್ತದೆ. ವಿಜಯದಶಮಿಯ ರಾತ್ರಿ ಹೊಳಗುಂದ ಮಂಡಲದ ದೇವರಗಟ್ಟಿನಲ್ಲಿ ಮಾಳ ಮಲ್ಲೇಶ್ವರನ ಉತ್ಸವಮೂರ್ತಿಗಾಗಿ ಗಂಡಸರು ಬಡಿಗೆಗಳಿಂದ ಕಾದಾಡುತ್ತಾರೆ. ಪತ್ರಿಕೆಗಳಲ್ಲಿ ವರ್ಷವರ್ಷವೂ ಅಚ್ಚಾಗುವುದು ಬಡಿಗೆಯ ಚಿತ್ರ, ಕುಡಗೋಲಿನದಲ್ಲ.

ಮಾರುಕಟ್ಟೆ ಬಂಡವಾಳ ಮಾಡಿಕೊಂಡದ್ದು ಇಂಥ ಚಿತ್ರವನ್ನೇ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1891ರಲ್ಲಿ ಸೈನಿಕರಿಗೆ ಚಾಕು ಒದಗಿಸಲಾರಂಭಿಸಿ, 1897ರಲ್ಲಿ ಅಧಿಕಾರಿಗಳ ಚಾಕುವನ್ನು ನೋಂದಾಯಿಸಿದ. ‘ವಿಕ್ಟೋರಿನಾಕ್ಸ್’ ಹೆಸರಿನಲ್ಲಿ ಅವನ ತಾಯಿ ವಿಕ್ಟೋರಿಯಾ ಇದ್ದಾಳೆ. ಸರಕಿಗೆ ಖ್ಯಾತಿ ತಂದವನು ಮಾತ್ರ ಸೈನಿಕ. ನಮ್ಮಲ್ಲಿ 2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರಿಗೆಂದು ‘ನಿರ್ಭೀಕ್’ ರಿವಾಲ್ವರನ್ನು ಹೊರತಂದಿತು. ತೂಕ ಸುಮಾರು 500 ಗ್ರಾಂ, ಆಗಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಇಟ್ಟುಕೊಟ್ಟದ್ದು ಒಡವೆ ಪೆಟ್ಟಿಗೆಯಲ್ಲಿ. ತೂಕ ಇಳಿಸಿದ್ದು ವಿನ್ಯಾಸದ ಮಾತು, ಒಡವೆ ಪೆಟ್ಟಿಗೆ ಪೂರ್ವಗ್ರಹದ ಮಾತು.

ಈ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಸರಾಸರಿಯಲ್ಲಿ ಹೆಂಗಸರ ಅಂಗೈ ಕಿರಿದು, ಹಿಡಿತದ ಬಲ ಕಡಿಮೆ ಎಂಬುದು ಅಳತೆಯಿಂದ ಸಿದ್ಧವಾದ ಸಂಗತಿ. ಆದರೆ ಅದು ಕೇಳುವುದು ಕೈಗೆ ಕೂರುವ ಹಿಡಿಯನ್ನು; ಮೊಂಡು ಅಲಗನ್ನಾಗಲಿ ಗುಲಾಬಿ ಬಣ್ಣವನ್ನಾಗಲಿ ಅಲ್ಲ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ ರೈತಾಪಿ ಗಂಡಸರ, ಹೆಂಗಸರ ದೇಹದ ಅಳತೆಗಳನ್ನು ಸಂಗ್ರಹಿಸಿ ಸಲಕರಣೆಗಳ ವಿನ್ಯಾಸಕ್ಕೆ ಬಳಸಿದೆ. ಅಲ್ಲಿ ರೂಪುಗೊಂಡ ‘ನವೀನ್’ ಹಲ್ಲುಕುಡಗೋಲಿನ ಗುರಿ ದಣಿವು ಮತ್ತು ಗಾಯ ತಗ್ಗಿಸುವುದು. ಶಸ್ತ್ರಾಸ್ತ್ರ ನಿಯಮಗಳೂ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಶಸ್ತ್ರವೆಂದು ಹೆಸರಿಸಿ, ಮನೆಬಳಕೆ, ಕೃಷಿಯ ಅಲಗುಗಳನ್ನು ಹೊರಗಿಡುತ್ತವೆ. ನಿಯಮ ನೋಡುವುದು ಅಳತೆ, ಉದ್ದೇಶಗಳನ್ನು. ಹಿಡಿದವರು ಗಂಡೋ ಹೆಣ್ಣೋ ಎಂಬುದನ್ನಲ್ಲ.

ಆದ್ದರಿಂದ ಕಿಸೆಚಾಕುವಿನ ಗಂಡುತನ ಅದರ ಅಲಗಿನಿಂದಲೂ ಬಂದದ್ದಲ್ಲ, ಜೊತೆಗೊಯ್ಯುವ ರೂಢಿಯಿಂದಲೂ ಬಂದದ್ದಲ್ಲ. ಅದು ಪ್ರಚಾರದಿಂದ ಬಂದದ್ದು. ತಯಾರಕರು ಹಿಡಿಯ ಸುತ್ತಳತೆ, ತೂಕ ಮತ್ತು ಯಾವ ಕೆಲಸಕ್ಕೆ ಎಂಬುದನ್ನು ಪೊಟ್ಟಣದ ಮೇಲೆ ಅಚ್ಚುಮಾಡಲಿ. ‘ಮಹಿಳೆಯರಿಗಾಗಿ’ ಎಂಬ ಚೀಟಿಯ ಅಗತ್ಯವೇ ಇರುವುದಿಲ್ಲ.