ಮನೆಯಲ್ಲಿ ಧ್ವನಿಮುದ್ರಣ: ತಂತ್ರಾಂಶದ ಆಯ್ಕೆ ಹೇಗೆ?

ಒಂದು ಭಾವಗೀತೆಯನ್ನು ಮುದ್ರಿಸಿಕೊಳ್ಳಬೇಕಾದರೂ ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆತ್ತು ಸ್ಟುಡಿಯೋಗೆ ಹೋಗಬೇಕಾಗಿದ್ದ ಕಾಲವೊಂದಿತ್ತು. ಇಂದು ಸಾಧಾರಣ ಗಣಕಯಂತ್ರ, ಒಂದು ಮೈಕು ಹಾಗೂ ತಕ್ಕ ತಂತ್ರಾಂಶವಿದ್ದರೆ ಆ ಕೆಲಸ ಮನೆಯಲ್ಲಿಯೇ ಸಾಧ್ಯ. ಹೊರನಾಡಿನ ಕನ್ನಡ ಮನೆಗಳಿಗೆ ಈ ಸೌಲಭ್ಯದ ಬೆಲೆ ಇನ್ನೂ ಹೆಚ್ಚು. ತವರಿನಿಂದ ಬಂದ ಶೋಭಾನೆ ಪದಗಳು, ಆರತಿ ಹಾಡುಗಳು, ದಾಸರ ಪದಗಳ ಮನೆತನದ ಧಾಟಿಗಳು ಎಷ್ಟೋ ಕಡೆ ಅಜ್ಜಿಯರ ಕಂಠದಲ್ಲಿ ಮಾತ್ರ ಉಳಿದಿವೆ. ಸಂಘದ ಹಳೆಯ ಕಾರ್ಯಕ್ರಮಗಳ ಕ್ಯಾಸೆಟ್ಟುಗಳು ಕಡಲೂರಿನ ತೇವದ ಹವೆಯಲ್ಲಿ ಬೂಷ್ಟು ಹಿಡಿಯುತ್ತಿವೆ. ಆದ್ದರಿಂದ ತಂತ್ರಾಂಶದ ಆಯ್ಕೆಯ ಬಗ್ಗೆ ನಮಗೆ ತಿಳಿದ ವಿಷಯಗಳನ್ನು ಇಲ್ಲಿ ಕ್ರೋಡೀಕರಿಸಿದ್ದೇವೆ.

ಮೊದಲು ಒಂದು ಮಾತು. ಈ ತಂತ್ರಾಂಶಗಳಲ್ಲಿ ಹೆಚ್ಚಿನವು ಪಾಶ್ಚಾತ್ಯ ವಾದ್ಯವೃಂದದ ಅಗತ್ಯಗಳನ್ನು ಕಣ್ಣಮುಂದಿಟ್ಟುಕೊಂಡು ರೂಪುಗೊಂಡವು. ಹಾಗಾಗಿ ಅವುಗಳ ಕೆಲವು ಆಕರ್ಷಕ ಸೌಕರ್ಯಗಳು ನಮ್ಮ ಸಂಗೀತಕ್ಕೆ ಉಪಕಾರಕ್ಕಿಂತ ಅಪಕಾರವನ್ನೇ ಮಾಡಬಲ್ಲವು. ಸೌಕರ್ಯಗಳ ಪಟ್ಟಿ ಉದ್ದವಾಗಿದೆಯೆಂದು ಮರುಳಾಗಬೇಕಿಲ್ಲ.

ಎರಡು ಬಗೆಯ ತಂತ್ರಾಂಶಗಳು

ಒಂದೇ ಧ್ವನಿಕಡತವನ್ನು ತೆರೆದು ಕತ್ತರಿಸುವ, ಶುದ್ಧಗೊಳಿಸುವ, ಮಟ್ಟ ಸರಿಪಡಿಸುವ ತಂತ್ರಾಂಶಗಳು ಮೊದಲನೆಯ ಬಗೆ. ಗಾಯನ, ತಬಲಾ, ಹಾರ್ಮೋನಿಯಂಗಳನ್ನು ಬೇರೆ ಬೇರೆ ಟ್ರ್ಯಾಕುಗಳಲ್ಲಿ ಮುದ್ರಿಸಿ, ಅನಂತರ ಹದವಾಗಿ ಬೆರೆಸುವವು ಎರಡನೆಯ ಬಗೆ. ಅಜ್ಜಿಯ ಹಾಡಿಗೂ ಕ್ಯಾಸೆಟ್ಟಿನ ರಕ್ಷಣೆಗೂ ಮೊದಲನೆಯದು ಧಾರಾಳವಾಗಿ ಸಾಕು. ಭಜನಾ ಮಂಡಳಿಯು ಸೀಡಿಯನ್ನೋ ಅಂತರಜಾಲದಲ್ಲಿ ಗೀತಗುಚ್ಛವನ್ನೋ ಹೊರತರಲು ಹೊರಟಿದ್ದರೆ ಮಾತ್ರ ಎರಡನೆಯದು ಬೇಕಾಗುತ್ತದೆ.

ಮೊದಲನೆಯ ಕೆಲಸಕ್ಕೆ ನಾವು ನಿಸ್ಸಂಕೋಚವಾಗಿ ಸೂಚಿಸುವುದು ಅಡಾಸಿಟಿಯನ್ನು. 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಜೋನಿ ಮತ್ತು ರೋಜರ್ ಡ್ಯಾನನ್‌ಬರ್ಗ್ ಅವರು ಆರಂಭಿಸಿದ ಈ ತಂತ್ರಾಂಶ 2000ದ ಮೇ ತಿಂಗಳಲ್ಲಿ ಸಾರ್ವಜನಿಕರಿಗೆ ದೊರೆಯಿತು. 2021ರಲ್ಲಿ ಅದು ಮ್ಯೂಸ್ ಗ್ರೂಪ್ ಸಂಸ್ಥೆಯ ಕೈಸೇರಿದರೂ ಮುಕ್ತ ತಂತ್ರಾಂಶವಾಗಿಯೇ ಉಳಿದಿದೆ, ಬೆಲೆಯಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ಇದರಲ್ಲಿ ಹಲವು ಟ್ರ್ಯಾಕುಗಳನ್ನು ಇಟ್ಟುಕೊಳ್ಳಬಹುದಾದರೂ ದೊಡ್ಡ ಮೇಳದ ಮಿಶ್ರಣಕ್ಕೆ ಅಷ್ಟು ಅನುಕೂಲವಲ್ಲ.

ಎರಡನೆಯ ಕೆಲಸಕ್ಕೆ ರೀಪರ್ ಯೋಗ್ಯವಾದುದು. ಒಂದು ಕಾಲಕ್ಕೆ ಮನೆಮನೆಯ ಗಣಕಗಳಲ್ಲಿ ಹಾಡು ಕೇಳಿಸುತ್ತಿದ್ದ ವಿನ್ಯಾಂಪ್‌ನ ಕರ್ತೃ ಜಸ್ಟಿನ್ ಫ್ರಾಂಕೆಲ್ ಅವರೇ ಇದರ ರೂವಾರಿ. ಅರವತ್ತು ದಿನ ಪರೀಕ್ಷಿಸಿ ನೋಡಲು ಅವಕಾಶವಿದೆ. ಮನೆಬಳಕೆಯ ಪರವಾನಗಿಗೆ 60 ಡಾಲರ್. ಹಳೆಯ ಗಣಕದಲ್ಲಿಯೂ ಹಗುರವಾಗಿ ನಡೆಯುತ್ತದೆ. ಆದರೆ ಮೊದಲ ನೋಟಕ್ಕೆ ಗೊಂದಲಮಯವಾಗಿ ಕಾಣುವುದು ನಿಜ. ಕಲಿಯಲು ತಾಳ್ಮೆ ಬೇಕು. ಮ್ಯಾಕ್ ಇರುವವರಿಗೆ ಆಪಲ್‌ನ ಗ್ಯಾರೇಜ್‌ಬ್ಯಾಂಡ್ ಉಚಿತವಾಗಿಯೇ ಲಭ್ಯ.

ಹಳಬರಿಗೆ ಪರಿಚಿತವಾದ ಕೂಲ್ ಎಡಿಟ್ ಪ್ರೊ 2003ರಲ್ಲಿ ಅಡೋಬಿ ಸಂಸ್ಥೆಯ ಪಾಲಾಗಿ ಆಡಿಷನ್ ಎಂಬ ಹೆಸರು ಪಡೆಯಿತು. ಶುದ್ಧೀಕರಣದಲ್ಲಿ ಅದು ಸಮರ್ಥ. ಆದರೆ ಈಗ ಅದನ್ನು ಚಂದಾ ಕಟ್ಟಿಯೇ ಬಳಸಬೇಕು. ವರ್ಷಕ್ಕೆ ನಾಲ್ಕಾರು ಹಾಡು ಮುದ್ರಿಸುವ ಕುಟುಂಬಕ್ಕೆ ಈ ವೆಚ್ಚ ಸಮರ್ಥನೀಯವೆಂದು ನಮಗೆ ತೋರುವುದಿಲ್ಲ.

ನಮ್ಮ ಸಂಗೀತ, ಅವರ ಸಲಕರಣೆ

ಎಚ್ಚರ ವಹಿಸಬೇಕಾದ ಮೊದಲ ಸೌಕರ್ಯ ಸ್ವರ ತಿದ್ದುವುದು. ಈ ಸಲಕರಣೆ ಹಾಡುಗಾರರ ಧ್ವನಿಯನ್ನು ಹತ್ತಿರದ ಸ್ಥಿರ ಸ್ವರಸ್ಥಾನಕ್ಕೆ ಎಳೆದು ಕೂರಿಸುತ್ತದೆ. ದರ್ಬಾರಿಯ ಆಂದೋಲಿತ ಗಾಂಧಾರವಾಗಲಿ, ಕರ್ನಾಟಕ ಪದ್ಧತಿಯ ತೋಡಿಯ ಕಂಪಿತ ಗಾಂಧಾರವಾಗಲಿ ಅದರ ದೃಷ್ಟಿಯಲ್ಲಿ ದೋಷವೇ. ಎರಡು ಸ್ವರಗಳ ನಡುವೆ ತೂಗುವುದರಲ್ಲಿಯೇ ರಾಗದ ಜೀವವಿದೆಯೆಂದು ಯಂತ್ರಕ್ಕೆ ಹೇಳುವವರಾರು? ಶಾಸ್ತ್ರೀಯ ಗಾಯನಕ್ಕೂ ಗಮಕ ವಾಚನಕ್ಕೂ ಇದನ್ನು ಬಳಸಲೇಬಾರದೆಂಬುದು ನಮ್ಮ ಅಭಿಪ್ರಾಯ. ಒಂದು ಸಾಲು ಅಪಸ್ವರವಾದರೆ ಅದನ್ನು ಮತ್ತೊಮ್ಮೆ ಹಾಡಿಸುವುದು ಲೇಸು.

ಎರಡನೆಯದು ತಾಳದ ಚೌಕಟ್ಟು. ಬಹು ಟ್ರ್ಯಾಕಿನ ತಂತ್ರಾಂಶಗಳು ತೆರೆದೊಡನೆ ನಿಮಿಷಕ್ಕೆ ಇಂತಿಷ್ಟು ಪೆಟ್ಟು ಎಂಬ ಲೆಕ್ಕವನ್ನು ಮುಂದಿಡುತ್ತವೆ. ತಾಳದ ಹಂಗಿಲ್ಲದ ಕಾವ್ಯವಾಚನಕ್ಕೋ ಆಲಾಪಕ್ಕೋ ಆ ಲೆಕ್ಕ ಅನ್ವಯಿಸದು. ಮೆಟ್ರೊನೋಮನ್ನು ನಿಲ್ಲಿಸಿ, ಕಾಲಸೂಚಿಯನ್ನು ನಿಮಿಷ ಸೆಕೆಂಡುಗಳಿಗೆ ಬದಲಿಸಿ, ಕತ್ತರಿಸಿದ ತುಣುಕು ತಾನಾಗಿ ಪೆಟ್ಟಿನ ಗೆರೆಗೆ ಅಂಟಿಕೊಳ್ಳುವ ವ್ಯವಸ್ಥೆಯನ್ನು ತೆಗೆದುಹಾಕಿ.

ಮೂರನೆಯದು ಗದ್ದಲ ನಿವಾರಣೆ. ಅಡಾಸಿಟಿಯಲ್ಲಿ ಮೊದಲು ಗದ್ದಲದ ಒಂದು ಮಾದರಿಯನ್ನು ಆಯ್ದು ತೋರಿಸಬೇಕು; ಅನಂತರ ತಂತ್ರಾಂಶ ಅದನ್ನು ಇಡೀ ಹಾಡಿನಿಂದ ತಗ್ಗಿಸುತ್ತದೆ. ಆ ಮಾದರಿಯಲ್ಲಿ ತಂಬೂರಿಯ ನಾದ ಸೇರಿದ್ದರೆ ಶ್ರುತಿಯೇ ಗದ್ದಲವೆಂದು ಪರಿಗಣಿತವಾಗಿ ಹಾಡು ಟೊಳ್ಳಾಗುತ್ತದೆ. ಅದಕ್ಕಾಗಿ, ತಂಬೂರಿ ನುಡಿಯುವ ಮೊದಲೇ ಹತ್ತು ಸೆಕೆಂಡುಗಳ ಕಾಲ ಕೋಣೆಯ ಮೌನವನ್ನು ಮುದ್ರಿಸಿಕೊಳ್ಳಬೇಕು. ತಗ್ಗಿಸುವ ಪ್ರಮಾಣ 6 ಡೆಸಿಬೆಲ್ ಮೀರದಿದ್ದರೆ ಧ್ವನಿಯ ಸಹಜತೆ ಉಳಿಯುತ್ತದೆ.

ಕ್ಯಾಸೆಟ್ಟುಗಳಲ್ಲಿ ಗುಂಯ್‌ಗುಟ್ಟುವ ವಿದ್ಯುತ್ತಿನ ಸದ್ದು ಬೇರೆಯೇ ಸಮಸ್ಯೆ. ನಮ್ಮ ದೇಶದ ವಿದ್ಯುತ್ 50 ಹರ್ಟ್ಜಿನದು. ಆದ್ದರಿಂದ ಆ ಸದ್ದು 50, 100, 150 ಹರ್ಟ್ಜ್‌ಗಳಲ್ಲಿ ಕಾಣಿಸಿಕೊಳ್ಳುತ್ತದೆ. ಪಾಶ್ಚಾತ್ಯರ ಪಾಠಗಳಲ್ಲಿ ಬರುವ 60 ಹರ್ಟ್ಜ್ ಅಮೆರಿಕದ ಲೆಕ್ಕ. ಹಾರ್ಮೋನಿಯಂನ ಬಿಳಿ ಎರಡರಲ್ಲಿ ಹಾಡುವ ಗಂಡುದನಿಯ ಷಡ್ಜ ಸುಮಾರು 147 ಹರ್ಟ್ಜಿನಲ್ಲಿರುತ್ತದೆ. 150ರ ಬಳಿ ಅಗಲವಾದ ಶೋಧಕ ಬಳಸಿದರೆ ಸದ್ದಿನೊಡನೆ ಷಡ್ಜವೂ ಸೊರಗೀತು. ಶೋಧಕ ಆದಷ್ಟು ಕಿರಿದಾಗಿರಲಿ.

ಮುದ್ರಿಸುವಾಗ

ಗುಣಮಟ್ಟವನ್ನು 24 ಬಿಟ್, 48,000 ಹರ್ಟ್ಜ್‌ಗೆ ಇಡಿ. ಎರಡು ವಾಹಿನಿಗಳ ಒಂದು ಗಂಟೆಯ ಮುದ್ರಣಕ್ಕೆ ಸುಮಾರು ಒಂದು ಗಿಗಾಬೈಟ್ ಸ್ಥಳ ಬೇಕು. ಮಟ್ಟವನ್ನು ಪರೀಕ್ಷಿಸಲು ಪಲ್ಲವಿಯನ್ನು ಹಾಡಿಸಿದರೆ ಸಾಲದು. ತಾರಸ್ಥಾಯಿಗೇರುವ ಚರಣವನ್ನು ಹಾಡಿಸಿ, ಅಲ್ಲಿಯೂ ಸೂಚಕವು ಋಣ 6 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಬೇಕು. ಮಟ್ಟ ಮೀರಿ ಒಡೆದ ಧ್ವನಿಯನ್ನು ಯಾವ ತಂತ್ರಾಂಶವೂ ಪೂರ್ಣವಾಗಿ ಮರಳಿಸಲಾರದು. ಬಟ್ಟೆ ತುಂಬಿದ ಕಪಾಟು, ಹಾಸಿಗೆ, ದಪ್ಪ ಪರದೆಗಳಿರುವ ಮಲಗುವ ಕೋಣೆಯೇ ಮಹಾನಗರದ ಫ್ಲ್ಯಾಟುಗಳಲ್ಲಿ ಉತ್ತಮ ಸ್ಟುಡಿಯೋ. ಅಡುಗೆಮನೆಯ ಕುಕ್ಕರಿಗೂ ಫ್ಯಾನಿಗೂ ಸ್ವಲ್ಪ ಹೊತ್ತು ವಿರಾಮ ಕೊಡಿಸಿ.

ಕ್ಯಾಸೆಟ್ಟಿನಿಂದ ಇಳಿಸುವಾಗ ಮೊದಲು ಟೇಪ್‌ರೆಕಾರ್ಡರಿನ ಹೆಡ್ಡನ್ನು ಶುದ್ಧಗೊಳಿಸಬೇಕು. ಲ್ಯಾಪ್‌ಟಾಪಿನ ಮೈಕ್ ರಂಧ್ರಕ್ಕೆ ನೇರವಾಗಿ ತಂತಿ ಸಿಕ್ಕಿಸಿದರೆ ಧ್ವನಿ ಒಡೆಯುತ್ತದೆ. ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಬಳಸುವುದು ಒಳಿತು. ಟೇಪ್ ವೇಗವಾಗಿ ಓಡಿ ಶ್ರುತಿ ಏರಿದ್ದರೆ ಶ್ರುತಿಯೊಂದನ್ನೇ ಬದಲಿಸಬೇಡಿ. ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಬದಲಿಸುವ ಸೌಕರ್ಯವನ್ನೇ ಬಳಸಿ. ಆಗ ಲಯವೂ ಮೂಲಸ್ಥಿತಿಗೆ ಬರುತ್ತದೆ.

ಮಾಸ್ಟರಿಂಗ್

ಹಾಡನ್ನು ಅಂತಿಮವಾಗಿ ಹದಗೊಳಿಸುವ ಈ ಹಂತದಲ್ಲಿ ಎಲ್ಲರಿಗೂ ಬರುವ ಮೋಹ ಒಂದೇ: ನಮ್ಮ ಹಾಡು ಚಲನಚಿತ್ರ ಗೀತೆಯಷ್ಟು ಜೋರಾಗಿ ಕೇಳಿಸಬೇಕು. ಈಗ ಅದರಿಂದ ಪ್ರಯೋಜನವಿಲ್ಲ. ಸ್ಪಾಟಿಫೈ ತಾನಾಗಿಯೇ ಹಾಡುಗಳನ್ನು ಸುಮಾರು ಋಣ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ಹೊಂದಿಸುತ್ತದೆ. ಯೂಟ್ಯೂಬ್ ಕೂಡ ಅತಿ ಜೋರಾದುದನ್ನು ತಗ್ಗಿಸುತ್ತದೆ. ಎಲ್‌ಯುಎಫ್‌ಎಸ್ ಎಂಬುದು ಕಿವಿಗೆ ಕೇಳಿಸುವ ಗಟ್ಟಿತನದ ಅಳತೆ. ಕಂಪ್ರೆಸರಿನಲ್ಲಿ ಹಿಂಡಿ ಹಿಪ್ಪೆ ಮಾಡಿದ ಹಾಡಿನ ಜೋರು ಅಲ್ಲಿ ಇಳಿದುಹೋಗುತ್ತದೆ, ಕಳೆದುಕೊಂಡ ಏರಿಳಿತ ಮಾತ್ರ ಮರಳಿ ಬಾರದು. ಏಕಗಾಯನದ ಭಾವಗೀತೆಗೆ ಋಣ 16ರಿಂದ 18 ಸಾಕೆಂಬುದು ನಮ್ಮ ಅನಿಸಿಕೆ. ಅಡಾಸಿಟಿಯ ಲೌಡ್‌ನೆಸ್ ನಾರ್ಮಲೈಸೇಷನ್ ಈ ಕೆಲಸ ಮಾಡಿಕೊಡುತ್ತದೆ. ಅನಂತರ ಶಿಖರ ಮಟ್ಟ ಋಣ 1 ಡೆಸಿಬೆಲ್ ಮೀರಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಕಾಪಿಡುವ ಬಗೆ

ತಂತ್ರಾಂಶದ ಸ್ವಂತ ಕಡತವನ್ನಷ್ಟೇ ನಂಬಿ ಕೂರಬಾರದು. ಅಡಾಸಿಟಿಯ ಕಡತ ರೀಪರ್‌ನಲ್ಲಿ ತೆರೆಯದು, ರೀಪರ್‌ನದು ಇಲ್ಲಿ ತೆರೆಯದು. ಏನೂ ತಿದ್ದದ ಮೂಲ ಮುದ್ರಣವನ್ನೂ ಸಿದ್ಧವಾದ ಹಾಡನ್ನೂ ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ಪ್ರತ್ಯೇಕವಾಗಿ ಉಳಿಸಿ, ಎರಡು ಬೇರೆ ಡಿಸ್ಕುಗಳಲ್ಲಿಡಿ. ಬಂಧುಗಳಿಗೆ ಕಳುಹಿಸಲು ಎಂಪಿ3 ಸಾಕು, ಆದರೆ ಎಂಪಿ3ಯನ್ನು ಮತ್ತೆ ತೆರೆದು ತಿದ್ದಿ ಎಂಪಿ3 ಆಗಿ ಉಳಿಸಿದಂತೆಲ್ಲ ಗುಣ ಕುಂದುತ್ತದೆ. ಫ್ಲ್ಯಾಕ್ ಕಡತದೊಳಗೆ ಮಾಹಿತಿಯನ್ನು ಕನ್ನಡ ಲಿಪಿಯಲ್ಲಿಯೇ ಬರೆದಿಡಬಹುದು. ಹಾಡಿನ ಮೊದಲ ಸಾಲು, ಹಾಡಿದವರ ಹೆಸರು, ಅವರ ಊರು, ಯಾರಿಂದ ಕಲಿತದ್ದು, ಮುದ್ರಿಸಿದ ದಿನಾಂಕ ಇವಿಷ್ಟನ್ನು ಹಾಡಿದವರು ಎದುರಿಗಿರುವಾಗಲೇ ಕೇಳಿ ತುಂಬಿಸಿಬಿಡಿ.