ದುಡಿಮೆಯ ಗಾಯಕ್ಕೆ ಲೆಕ್ಕವುಂಟೆ?

ನಮ್ಮ ನಾಡಿನ ಹಳೆಯ ಊರುಗಳಲ್ಲಿ ಗುಡಿಯ ಹಿಂದೆಯೋ ಕೆರೆಯ ದಂಡೆಯಲ್ಲಿಯೋ ವೀರಗಲ್ಲುಗಳು ಕಣ್ಣಿಗೆ ಬೀಳುವವು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ತುರುಗಳನ್ನು ಬಿಡಿಸಲು ಹೋಗಿ ಮಡಿದವನನ್ನು ಊರು ಕಲ್ಲಿನಲ್ಲಿ ಕೆತ್ತಿಸಿ ನೆನೆಯಿತು. ಆದರೆ ಬಾವಿ ತೋಡುವಾಗ ಮಣ್ಣು ಕುಸಿದು ಸತ್ತವನಿಗೆ, ಕಲ್ಲು ಒಡೆಯುತ್ತ ಕಣ್ಣು ಕಳೆದುಕೊಂಡವನಿಗೆ ಇಂಥ ಕಲ್ಲು ನಿಂತದ್ದನ್ನು ತಾವು ಎಲ್ಲಿಯಾದರೂ ಕಂಡಿರುವಿರಾ?

‘ಗಣ್’ ಎಂದರೆ ಎಣಿಸುವದು. ಎಣಿಕೆಗೆ ಬಂದವನು ಗಣ್ಯ. ಎಣಿಸದೆ ಬಿಟ್ಟದ್ದು ನಗಣ್ಯ. ದುಡಿಮೆಯಲ್ಲಿ ಆದ ಗಾಯವೂ ಅಂಟಿದ ರೋಗವೂ ನಗಣ್ಯವಾಗಿದ್ದ ಕಾಲದಿಂದ ಎಣಿಕೆಗೆ ಬಂದ ಕಾಲದವರೆಗಿನ ಕಥೆಯು ಬಹಳ ದೊಡ್ಡದಲ್ಲ. ನೂರಾನಲವತ್ತು ವರ್ಷಗಳದು, ಅಷ್ಟೆ.

ಹಿಂದುಸ್ತಾನದ ಮೊದಲನೆಯ ಕಾರಖಾನೆ ಕಾಯಿದೆಯು ೧೮೮೧ರಲ್ಲಿ ಬಂದಿತು. ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು, ಅಪಾಯದ ಯಂತ್ರಗಳಿಗೆ ಬೇಲಿ ಕಟ್ಟಬೇಕು, ಅಪಘಾತವಾದರೆ ವರದಿ ಮಾಡಬೇಕು ಎಂದು ಅದು ವಿಧಿಸಿತು. ಅದೇ ದಶಕದಲ್ಲಿ ನಮ್ಮ ನೆರೆಯ ಗೋಕಾಕದಲ್ಲಿ ಘಟಪ್ರಭೆಯ ಜಲಪಾತದ ಬಲದಿಂದ ನೂಲಿನ ಗಿರಣಿ ತಿರುಗತೊಡಗಿತು. ಬೆಳಗಾವಿ ಜಿಲ್ಲೆಯು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹೊಲದಲ್ಲಿ ಬಿದ್ದವನ ಸುದ್ದಿ ಮನೆಯಲ್ಲಿಯೇ ಉಳಿಯುತ್ತಿತ್ತು. ಗಿರಣಿಯಲ್ಲಿ ಬಿದ್ದವನ ಸುದ್ದಿಯು ಇನ್ನು ಕಾಗದದ ಮೇಲೆ ಏರಬೇಕಾಯಿತು.

ಕಾಗದಕ್ಕೆ ಹಣದ ಬೆಲೆ ಬಂದದ್ದು ೧೯೨೩ರ ಕಾಮಗಾರ ಪರಿಹಾರ ಕಾಯಿದೆಯಿಂದ. ಕಳೆದ ಅಂಗಕ್ಕೆ ಗಳಿಕೆಯ ನಷ್ಟ ಎಷ್ಟೆಂಬ ಪಟ್ಟಿ ಅದರಲ್ಲಿತ್ತು. ಮುಂದೆ ತಿದ್ದುಪಡಿಯಾದ ಪಟ್ಟಿಯಂತೆ ಹೆಬ್ಬೆರಳಿಗೆ ನೂರಕ್ಕೆ ೩೦, ಇಡಿಯ ತೋರುಬೆರಳಿಗೆ ೧೪. ದೇಹವನ್ನು ಹೀಗೆ ತೂಗುವದು ಕ್ರೂರವೆಂದು ತೋರಬಹುದು. ಆದರೆ ತೂಕವೇ ಇಲ್ಲದಿದ್ದಾಗ ಬೆರಳು ಹೋದವನಿಗೆ ಸಿಗುತ್ತಿದ್ದುದು ಕನಿಕರ ಮಾತ್ರ. ಕನಿಕರದಿಂದ ಒಲೆ ಹೊತ್ತುವದಿಲ್ಲ.

ಗಾಯವು ಕಣ್ಣಿಗೆ ಕಾಣುತ್ತದೆ. ರೋಗವಾದರೋ ಹತ್ತು ವರ್ಷ ಎದೆಯೊಳಗೆ ಅಡಗಿದ್ದು ಆಮೇಲೆ ಹೊರಬೀಳುವದು. ಇಟಲಿಯ ವೈದ್ಯ ರಾಮಾತ್ಸಿನಿಯು ೧೭೦೦ರಲ್ಲಿ ಕಸುಬುಗಳ ರೋಗಗಳನ್ನು ಕುರಿತು ಗ್ರಂಥ ಬರೆದು, ರೋಗಿಯನ್ನು ಕಂಡ ವೈದ್ಯನು ‘ನಿನ್ನ ಉದ್ಯೋಗವೇನು?’ ಎಂದು ಕೇಳಲೇಬೇಕೆಂದನು. ಕನ್ನಡ ನಾಡಿನಲ್ಲಿ ಆ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಕೇಳಿದ ಸ್ಥಳ ಕೋಲಾರದ ಚಿನ್ನದ ಗಣಿ.

ಅಲ್ಲಿ ಜಾನ್ ಟೇಲರ್ ಕಂಪನಿಯು ೧೮೮೦ರಲ್ಲಿ ಕೆಲಸ ಹೂಡಿತು. ಗಣಿಯು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಬಂಡೆಯನ್ನು ಕೊರೆದಾಗ ಏಳುವ ಸೂಕ್ಷ್ಮ ಧೂಳು ಪುಪ್ಪುಸದಲ್ಲಿ ನಿಂತು, ಅದನ್ನು ಗಾಯದ ಕಲೆಯಂತೆ ಗಡುಸು ಮಾಡುವದು. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಡಾಕ್ಟರ್ ಕ್ಯಾಪ್ಲನ್ ಮತ್ತು ಸಂಗಡಿಗರು ಏಳೂವರೆ ಸಾವಿರಕ್ಕೂ ಹೆಚ್ಚು ಗಣಿಗಾರರನ್ನು ಪರೀಕ್ಷಿಸಿ ೧೯೪೭ರಲ್ಲಿ ಪ್ರಕಟಿಸಿದ ಫಲಿತಾಂಶ ನೂರಕ್ಕೆ ೪೩.೭! ಅದುವರೆಗೆ ‘ಗಣಿಯ ಕೆಮ್ಮು, ಹಣೆಬರಹ’ ಎನ್ನಬಹುದಾಗಿತ್ತು. ನೂರರಲ್ಲಿ ನಲವತ್ತಮೂರು ಜನರಿಗೆ ಒಂದೇ ಹಣೆಬರಹವಿರಲಾರದಷ್ಟೆ? ೧೯೪೮ರ ಕಾರಖಾನೆ ಕಾಯಿದೆಯು ಸಿಲಿಕೋಸಿಸನ್ನು ವೈದ್ಯರು ಕಡ್ಡಾಯವಾಗಿ ತಿಳಿಸಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತು.

ಆದರೆ ಅಂಕಿಯನ್ನು ಓದುವದಕ್ಕೂ ಒಂದು ವ್ಯಾಕರಣವಿದೆ. ಒಂದು ಗಿರಣಿಯಲ್ಲಿ ವರ್ಷಕ್ಕೆ ೪೦ ಅಪಘಾತ, ಇನ್ನೊಂದರಲ್ಲಿ ೧೦ ಎಂದುಕೊಳ್ಳಿರಿ. ಎರಡನೆಯದೇ ಮೇಲೆಂದು ಅವಸರದಿಂದ ಹೇಳಬೇಡಿರಿ. ಮೊದಲನೆಯದರಲ್ಲಿ ೪,೦೦೦ ಜನ, ಎರಡನೆಯದರಲ್ಲಿ ೨೦೦ ಜನ ಇದ್ದರೆ ಸಾವಿರಕ್ಕೆ ಬಿದ್ದ ಪ್ರಮಾಣ ೧೦ ಮತ್ತು ೫೦! ಇನ್ನೊಂದು ಮಾತು. ೧೯೪೮ರ ಕಾಯಿದೆಯಂತೆ ೪೮ ಗಂಟೆ ಕೆಲಸ ತಪ್ಪಿಸುವ ಗಾಯವನ್ನು ತಿಳಿಸಬೇಕಿತ್ತು. ಕೈಗೆ ಬಟ್ಟೆ ಸುತ್ತಿಕೊಂಡು ಮರುದಿನವೇ ಬಂದು ಕುಳಿತವನು ಆ ಲೆಕ್ಕಕ್ಕೆ ಬರಲಿಲ್ಲ. ದಮ್ಮು ಹತ್ತಿ ಊರಿಗೆ ಮರಳಿದವನಂತೂ ಗಣಿಯ ಪುಸ್ತಕದಲ್ಲಿ ‘ಕೆಲಸ ಬಿಟ್ಟವನು’ ಮಾತ್ರ. ಉಳಿದ ಗಟ್ಟಿಮುಟ್ಟಾದವರನ್ನೇ ಎಣಿಸಿದರೆ ಗಣಿಯು ಆರೋಗ್ಯಧಾಮವಾಗಿ ತೋರೀತು.

ಪಟ್ಟಿಯಲ್ಲಿ ಹೆಸರಿಲ್ಲದ ರೋಗದ ಪಾಡೂ ಅದೇ. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ರೋಗದಲ್ಲಿ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನವೇ ಎದೆ ಬಿಗಿಯುವದು. ೧೯೪೮ರ ಮೂಲಪಟ್ಟಿಯಲ್ಲಿ ಅದು ಇರಲಿಲ್ಲ; ಮುಂದೆ ತಿದ್ದುಪಡಿಯಿಂದ ಸೇರಿತು. ಅಲ್ಲಿಯವರೆಗೆ ಗಿರಣಿಗಾರನ ಎದೆಬಿಗಿತಕ್ಕೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಈಗ ನಮ್ಮ ಅಂಗಳಕ್ಕೆ ಬರೋಣ. ಹಿರಣ್ಯಕೇಶಿಯ ದಂಡೆಯ ಸಂಕೇಶ್ವರ ಕಬ್ಬಿನ ಸೀಮೆ. ಇಲ್ಲಿಯ ಸಹಕಾರಿ ಸಕ್ಕರೆ ಕಾರಖಾನೆಗೆ ಕಾಯಿದೆಯುಂಟು, ದಾಖಲೆಯುಂಟು. ಬೆಲ್ಲದ ಗಾಣಕ್ಕೆ? ೧೯೪೮ರ ಕಾಯಿದೆಯ ಕಣ್ಣಿಗೆ ‘ಕಾರಖಾನೆ’ ಎನ್ನಿಸಿಕೊಳ್ಳಲು ವಿದ್ಯುತ್ತಿನಂಥ ಶಕ್ತಿಯ ಬಳಕೆಯಿದ್ದರೆ ೧೦ ಜನ, ಇಲ್ಲದಿದ್ದರೆ ೨೦ ಜನ ಬೇಕಿತ್ತು. ೨೦೨೦ರ ಹೊಸ ಸಂಹಿತೆಯು ಆ ಮಿತಿಯನ್ನು ೨೦ಕ್ಕೆ ಮತ್ತು ೪೦ಕ್ಕೆ ಏರಿಸಿತು. ಐದಾರು ಆಳುಗಳ ಗಾಣವು ಯಾವ ಮಿತಿಗೂ ಸಿಕ್ಕದು. ನಸುಕಿನ ನಿದ್ದೆಗಣ್ಣಿನಲ್ಲಿ ಉರುಳುಗಳ ನಡುವೆ ಕಬ್ಬು ಹಾಕುವವನ ಕೈ, ಕುದಿಯುವ ಕೊಪ್ಪರಿಗೆಯ ಬಳಿ ನಿಂತವನ ಕಾಲು, ಕುಡುಗೋಲು ಹಿಡಿದ ಹೆಣ್ಣುಮಗಳ ಬೆರಳು, ಇವುಗಳ ಮೊತ್ತವನ್ನು ಯಾರು ಕೂಡಿಸಬೇಕು? ಬಾನುಲಿಯ ಮುಂದೆ ಕುಳಿತು ಬೆಲ್ಲದ ಧಾರಣೆಯನ್ನೂ ಬಿದ್ದ ಮಳೆಯ ಅಳತೆಯನ್ನೂ ತಪ್ಪದೆ ಕೇಳುವ ನಾವು, ಆ ಬೆಲ್ಲಕ್ಕಾಗಿ ಹೋದ ಬೆರಳೆಷ್ಟೆಂದು ಕೇಳಿದವರಲ್ಲ.

ಕಾಯಕವನ್ನು ಕೈಲಾಸದ ಎತ್ತರಕ್ಕೆ ಏರಿಸಿದ ನಾಡು ನಮ್ಮದು. ಆ ಶಬ್ದದಲ್ಲಿಯೇ ‘ಕಾಯ’ವಿದೆಯೆಂಬುದನ್ನು ಮರೆಯಲಾಗದು. ಆದುದರಿಂದ ವಾಚಕರಲ್ಲಿ ಎರಡೇ ಬಿನ್ನಹಗಳು. ವೈದ್ಯರ ಬಳಿಗೆ ಹೋದಾಗ, ಅವರು ಕೇಳದಿದ್ದರೂ, ತಮ್ಮ ಕೆಲಸ ಯಾವದು, ಎಷ್ಟು ವರ್ಷದ್ದು ಎಂಬುದನ್ನು ಹೇಳಿರಿ. ಗಾಣವನ್ನೋ ಚಿಕ್ಕ ಗಿರಣಿಯನ್ನೋ ನಡೆಯಿಸುವವರು ಲಾಭನಷ್ಟದ ಖಾತೆಯ ಬದಿಗೆ ಇನ್ನೊಂದು ಹಾಳೆ ಇಡಿರಿ: ತಾರೀಖು, ಹೆಸರು, ಮಾಡುತ್ತಿದ್ದ ಕೆಲಸ, ಆದ ಗಾಯ, ತಪ್ಪಿದ ದಿನಗಳು. ಮೂರು ಸುಗ್ಗಿ ಕಳೆಯುವಷ್ಟರಲ್ಲಿ ಯಾವ ಹೊತ್ತಿಗೆ, ಯಾವ ಉರುಳಿನ ಬಳಿ ಕೈ ಸಿಕ್ಕುವದೆಂಬುದು ಆ ಹಾಳೆಯಿಂದಲೇ ತಿಳಿದೀತು. ಬೇಲಿ ಎಲ್ಲಿ ಕಟ್ಟಬೇಕೆಂಬುದೂ ತಿಳಿದೀತು.

ವೀರಗಲ್ಲು ಸತ್ತವನ ಕೀರ್ತಿಗಾಗಿ ನಿಂತಿತು. ಈ ಹಾಳೆ ಬದುಕಿರುವವನ ಕೈಗಾಗಿ.